ಸುಳಿ

ಬುಧವಾರ ನನ್ನ ವಾರದ ರಜಾ.
ಆರು ದಿನ ಡಿಪೋದ ನಳದ ಮುಂದ ನಿಂತು
ಕೈಗೆ ಸಿಕ್ಕದ್ದರಿಂದ ಗಲ್ಲ ಹೆರಕೊಂಡವ,
ಇವತ್ತ ಹಿತ್ತಲ ಬಾಗಲಕ್ಕ ಕನ್ನಡಿ ತೂಗಹಾಕಿ
ಸ್ಟೂಲಿನ ಮ್ಯಾಲ ಸಾವಕಾಶ ಕೂಡತೀನಿ.

ಮೊದಲ ನೀರಿನ ಮಾತು.
ವಿಜಯಪುರದಾಗ ನಮ್ಮ ಓಣಿಯ ಬೋರಿನ ನೀರು ಸವಳು.
ಅದರಾಗ ಬುರುಗು ಏಳೂದಿಲ್ಲ.
ಎದ್ದರೂ, ಚಿಲ್ಲರೆ ಕೇಳಿದ ಕೂಡಲೇ
ನಿದ್ದಿ ಹತ್ತುವ ಪ್ಯಾಸೆಂಜರ್ ಹಂಗ, ಅಲ್ಲೇ ಮಲಗತೈತಿ.
ಅದಕ್ಕ ಭೂತನಾಳ ಕೆರಿ ನೀರು ಬಿಟ್ಟ ದಿನ
ಒಂದು ತಂಬಿಗಿ ಮುಚ್ಚಿ ಇಟ್ಟಿರತೀನಿ.
'ಕುಡಿಯೂ ನೀರು, ಗಡ್ಡಕ್ಕ!' ಅಂತಾಳ ಸಾವಂತ್ರಿ.
ಅಂದು, ತಾನ ಕಾಸಿ ತಂದು ಕೊಡತಾಳ.

ಗಾಡಿ ನಿಂತ ಊರಾಗೆಲ್ಲ ಒಂದೊಂದು ಸಾಮಾನು ತಗೊಂಡೀನಿ.
ಸೋಲಾಪುರದ ಗಂಧದ ಸಬಕಾರ,
ಮಿರಜಿನ ಬ್ರಷ್ಷು, ಒಂದೆರಡು ಕೂದಲು ಉದರತಾವ.
ಹುಬ್ಬಳ್ಳ್ಯಾಗ ಒಬ್ಬ ಮುದುಕ, ಪಾನಂಗಡಿಯವ,
ರಶ್ಯಾದ ಬ್ಲೇಡು ಕಾಗದದಾಗ ಕಟ್ಟಿ,
'ಇದು ಎಲ್ಲಾರ ಗಲ್ಲಕ್ಕ ಆಗೂದಿಲ್ಲರಿ'
ಅಂತ ಡಾಕ್ಟರ್ ಹಂಗ ಹೇಳಿ ಕೊಟ್ಟ.
ಬ್ಲೇಡಿಗೂ ಕಂಡಕ್ಟರಿಗೂ ಒಂದ ಗುಣ:
ಮೊದಲ ದಿನ ಸಿಕ್ಕಸಿಕ್ಕವರ ಮ್ಯಾಲ ಹಾಯತಾವ,
ಮೂರನೇ ದಿನಕ್ಕ ಪಾಸಿನವರು ಯಾರು ಅಂತ ತಿಳೀತೈತಿ,
ಆರನೇ ದಿನಕ್ಕ ಬರೇ ಸೀಟಿ.

ನನ್ನ ಗದ್ದದ ಕೆಳಗ, ಎಡಕ್ಕ, ಒಂದು ಸುಳಿ ಐತಿ.
ಪೊಲೀಸಪ್ಪ ಇಲ್ಲದ ಸರ್ಕಲ್ಲಿನ ಗಾಡಿ ಹಂಗ
ಕೂದಲು ಅಲ್ಲಿ ನಾಕೂ ದಿಕ್ಕಿಗೆ.
ಮೊದಲ ಸಲ ಮೀಸಿ ತಿದ್ದಿದ ಗುರಲಿಂಗ ಹಡಪದ
ಅದರ ಮ್ಯಾಲ ಬೆರಳಿಟ್ಟು ನಕ್ಕಿದ್ದ:
'ಎತ್ತಾಗಿದ್ರ ತಮ್ಮಾ, ಸಂತ್ಯಾಗ ನಿನ್ನ ರೇಟು ಬೀಳತಿತ್ತು.'
ಆ ಮಾತಿಗೆ ಅಂಜಿ
ಕನ್ಯಾ ನೋಡಾಕ ಹೋದಾಗ ಕೊಳ್ಳಿಗೆ ರುಮಾಲು ಸುತ್ತಿ
ಏಪ್ರಿಲ್ ಬಿಸಲಾಗ ಕುಂತಿದ್ದೆ.
'ಹುಡಗಗ ಥಂಡಿ ಬಂದಾವೇನ?' ಅಂತ
ಒಳಗಿನಿಂದ ಕೇಳಿದಾಕಿ ಇಕಿನ.

ಇನ್ನ, ಈ ರೇಜರ್.
ಮಂಗಳೂರು ಗಾಡಿಯ ಇಪ್ಪತ್ಮೂರನೇ ಸೀಟಿನ ಕೆಳಗ
ಕರೀ ಅರಿವ್ಯಾಗ ಸುತ್ತಿದ್ದು ಸಿಕ್ಕಿತ್ತು.
ಡಿಪೋಕ್ಕ ಒಪ್ಪಿಸಿ ಸಹಿ ಮಾಡಿದೆ.
ಮಳಿಗಾಲ ಮುಗೀತು, ಯಾರೂ ಕೇಳಿಕೊಂಡು ಬರಲಿಲ್ಲ.
ಹರಾಜಿನ ದಿನ ಏಳು ಛತ್ರಿ, ಒಂದು ಹಲ್ಲಿನ ಸೆಟ್ಟು,
ಯಾರದೋ ಮದುವಿ ಅಲ್ಬಮ್ಮು, ಅದರ ಪಕ್ಕಕ್ಕ ಇದು.
ಅರವತ್ತಕ್ಕ ಕೂಗಿದೆ. ಮುಂದ ಯಾರೂ ಕೂಗಲಿಲ್ಲ.
ಬಿಳಿ ಕಲಾಯಿ ಹೋಗಿ ಒಳಗಿನ ಹಿತ್ತಾಳಿ ಕಾಣತೈತಿ,
ಹಿಡಿಕಿ ತಿರುವಿದರ ಮ್ಯಾಲ ಎರಡು ಪಡಕ ತೆರೀತಾವ,
ತಳಕ್ಕ ಮೊಳಿಯಿಂದ ಕೊರದ ಎರಡಕ್ಷರ: ವಾ. ಬ.
ವಾಮನನೋ ವಾಸಪ್ಪನೋ,
ಬಸರೂರಿನವನೋ ಬಾಗೇವಾಡಿಯವನೋ.

ವಾರೆಲ್ಲ ಕನ್ನಡಿ ನೋಡೂದ ನನ್ನ ಕೆಲಸ.
ಆ ಕನ್ನಡ್ಯಾಗೆಲ್ಲ ಹಿಂದಿನವರು,
ಇದೊಂದರಾಗ ನಾನು, ಕೆನಿ ಕದ್ದ ಬೆಕ್ಕಿನ ಮಾರಿಯವ.
ಒತ್ತೂದು ಬ್ಯಾಡ, ತೂಕ ಅದರದ.
ಕಿವಿಯಿಂದ ಕೆಳಗ ಬಿಟ್ಟರ
ನಸಕಿನ್ಯಾಗ ಕೊಲ್ಹಾರ ಸೇತುವಿ ಮ್ಯಾಲ ಟೈರು ಹಾಡಿದಂಗ
ಒಂದು ಸಣ್ಣ ಸಪ್ಪಳ. ಅದಕ್ಕ ರೇಡಿಯೋ ಬಂದ್ ಮಾಡಿರತೀನಿ.

ಆಮ್ಯಾಲ ಸುಳಿ.
ಇದ್ದ ಬಿದ್ದ ರೇಜರೆಲ್ಲ ಅಲ್ಲಿ
ಟೋಲ್ ನಾಕಾ ಹಂಗ ಒಂದು ಕೆಂಪು ಹನಿ ವಸೂಲಿ ಮಾಡತಿದ್ದವು.
ಇದು ತಾನ ವಾಲಿ, ತಾನ ತಿರುಗಿ,
ದಾರಿ ಗೊತ್ತಿದ್ದವರ ಹಂಗ ಹಾದು ಹೋತು.
ಉಲ್ಟಾ ಹಿಡದು ನೋಡಿದೆ. ಹಿಡಿಕಿಯ ಗೀರು
ಒಂದ ಕಡೆ ಸವದಾವ, ಹೆಬ್ಬೆರಳು ಓರಿ ಕೂಡುವಷ್ಟು.
ನನ್ನ ಹೆಬ್ಬೆರಳು ಅಲ್ಲೇ ಕುಂತಿತ್ತು.
ಅವನಿಗೂ ಎಡಕ್ಕ, ಗದ್ದದ ಕೆಳಗ.
ಅವನ ರೇಟೂ ಯಾರೋ ಇಳಿಸಿರಬೇಕು.

ಪಟಿಕದ ತುಂಡು ತಿಕ್ಕಿದೆ. ಚುರುಗುಟ್ಟಲಿಲ್ಲ.
ಅವತ್ತಿನಿಂದ ಗಾಡಿ ಹತ್ತುವ ಗಂಡಸರ
ಕೊಳ್ಳು ನೋಡೂದು ಚಾಳಿ ಆಗೇತಿ.
'ಸಿಕ್ಕರ ಏನ ಮಾಡವ್ರು?' ಅಂತಾಳ ಸಾವಂತ್ರಿ.
ರೇಜರ್ ಅಂತೂ ಕೊಡಂಗಿಲ್ಲ, ರಸೀದಿ ಐತಿ.
ಚಾ ಕುಡಸತೀನಿ.
ಯಾವ ಬ್ಲೇಡು ಹಾಕತಿದ್ದಿ ಮಾರಾಯಾ, ಅಂತ ಕೇಳತೀನಿ.